ಮಲಗಿದ ಮಗುವಿನ ಮಿದುಳು ಏನು ಹೇಳುತ್ತದೆ?

ನಾಲ್ಕು ವರ್ಷದ ಮಗುವನ್ನು ಎಂ.ಆರ್.ಐ. ಯಂತ್ರದ ಸುರಂಗದೊಳಗೆ ಮಲಗಿಸಿ 'ಅರ್ಧ ಗಂಟೆ ಅಲ್ಲಾಡಬಾರದು ಪುಟ್ಟಾ' ಎಂದು ಹೇಳಿ ನೋಡಿ. ಅರ್ಧ ಗಂಟೆ ಹಾಗಿರಲಿ, ಅರ್ಧ ನಿಮಿಷ ಕಳೆಯುವುದರೊಳಗೆ ಅದು ಮೂಗು ತುರಿಸಿಕೊಳ್ಳುತ್ತದೆ. ಅಮ್ಮ ಎಲ್ಲಿ ಎಂದು ತಲೆಯೆತ್ತುತ್ತದೆ. ಅಷ್ಟರಲ್ಲಿ ಯಂತ್ರ ಸದ್ದು ಮಾಡತೊಡಗಿದರಂತೂ ಮುಗಿಯಿತು. ರಸ್ತೆ ಅಗೆಯುವ ಯಂತ್ರವನ್ನು ತಲೆದಿಂಬಿನ ಪಕ್ಕದಲ್ಲೇ ಚಾಲೂ ಮಾಡಿದ ಹಾಗೆ, ನೂರು ಡೆಸಿಬೆಲ್ ಮೀರಿದ ಟಕಟಕ ಸದ್ದು ಅದು. ದೊಡ್ಡವರೇ ಬೆವರುವ ಆ ಕೊಳವೆಯೊಳಗೆ ಮಗು ಚೀರದಿದ್ದರೆ ಅದೇ ಆಶ್ಚರ್ಯ.

ಹಾಗಾಗಿ ಆಸ್ಪತ್ರೆಗಳು ಹಿಡಿದಿರುವ ದಾರಿ ಎಂದರೆ ಮಗುವನ್ನು ಮಲಗಿಸಿಬಿಡುವುದು. ನಮ್ಮ ದೇಶದಲ್ಲಿ ಇದಕ್ಕಾಗಿ ಬಹಳವಾಗಿ ಬಳಕೆಯಲ್ಲಿರುವುದು ಟ್ರೈಕ್ಲೋಫಾಸ್ ಎಂಬ ಸಿರಪ್ಪು. 'ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಬಸ್ಸಿನಲ್ಲಿ ನಿದ್ದೆ ಹೋಗಲು ಬಿಡಬೇಡಿ' ಎಂಬ ಸೂಚನೆಯನ್ನು ಪಾಲಿಸಿ ಹೈರಾಣಾದ ತಾಯಂದಿರು ಈ ಓದುಗರಲ್ಲೂ ಇರಬಹುದು. ಈ ಸಿರಪ್ಪಿಗೆ ಒಬ್ಬ ಹಿರಿಯಣ್ಣನಿದ್ದಾನೆ. ಅವನ ಹೆಸರು ಕ್ಲೋರಲ್ ಹೈಡ್ರೇಟ್. 1832ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್ ತಯಾರಿಸಿದ ವಸ್ತು. ಅದಕ್ಕೆ ನಿದ್ದೆ ಬರಿಸುವ ಗುಣವಿದೆಯೆಂದು 1869ರಲ್ಲಿ ಆಸ್ಕರ್ ಲೀಬ್ರೈಶ್ ತೋರಿಸಿಕೊಟ್ಟ. ಎರಡೂ ದೇಹದೊಳಗೆ ಹೋಗಿ ಒಂದೇ ರಾಸಾಯನಿಕವಾಗಿ ಮಾರ್ಪಟ್ಟು ಕೆಲಸ ಮಾಡುತ್ತವೆ. ದೊಡ್ಡ ಆಸ್ಪತ್ರೆಗಳಲ್ಲಾದರೆ ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಚುಚ್ಚುಮದ್ದು, ಸೇವೊಫ್ಲುರೇನ್ ಅನಿಲ, ಮಿಡಜೊಲಾಮ್, ಇತ್ತೀಚಿನ ಡೆಕ್ಸ್‌ಮೆಡಿಟೊಮಿಡಿನ್ ಮುಂತಾದವೂ ಉಂಟು. ಪಕ್ಕದಲ್ಲಿ ಅರಿವಳಿಕೆ ತಜ್ಞರು ನಿಂತಿರುತ್ತಾರೆ, ಉಸಿರಾಟದ ಮೇಲೆ ಕಣ್ಣಿಟ್ಟಿರುತ್ತಾರೆ.

ಮಿದುಳಿನ ರಚನೆಯನ್ನಷ್ಟೇ ನೋಡಬೇಕಾಗಿದ್ದರೆ ಇದರಿಂದ ಯಾವ ಬಾಧಕವೂ ಇಲ್ಲ. ಗಡ್ಡೆಯೊಂದು ಇದ್ದರೆ ಮಗು ಎಚ್ಚರವಿದ್ದಾಗಲೂ ಇರುತ್ತದೆ, ನಿದ್ದೆಯಲ್ಲೂ ಇರುತ್ತದೆ. ಮನೆಯ ಗೋಡೆ ಬಿರುಕು ಬಿಟ್ಟಿದೆಯೇ ಎಂದು ನೋಡಲು ಮನೆಯವರು ಎದ್ದಿರಬೇಕೆಂದೇನೂ ಇಲ್ಲವಲ್ಲ? ಆದರೆ ಆ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ, ಜಗಳ ಎಲ್ಲಿ ನಡೆಯುತ್ತದೆ, ಲೆಕ್ಕಪತ್ರ ಯಾವ ಕೋಣೆಯಲ್ಲಿ ಎಂದು ತಿಳಿಯಬೇಕಾದರೆ ನಡುರಾತ್ರಿ ಹೋಗಿ ಇಣುಕಿದರೆ ಏನು ಕಂಡೀತು? ಈ ಎರಡನೆಯ ಬಗೆಯ ಪರೀಕ್ಷೆಗೆ 'ಫಂಕ್ಷನಲ್ ಎಂ.ಆರ್.ಐ.' ಎಂದು ಹೆಸರು. ಮಿದುಳಿನ ಯಾವ ಭಾಗ ಯಾವ ಕೆಲಸದಲ್ಲಿ ತೊಡಗಿದೆ ಎಂಬುದನ್ನು ಬಣ್ಣದ ಚುಕ್ಕೆಗಳಲ್ಲಿ ತೋರಿಸುವ ಚಿತ್ರ. ಮಗುವನ್ನು ಮಲಗಿಸದೆ ಅದನ್ನು ತೆಗೆಯುವಂತಿಲ್ಲ. ಮಲಗಿಸಿದರೆ ಕೆಲಸವೇ ನಿಂತುಹೋಗಬಹುದು. ಮೂವತ್ತು ವರ್ಷಗಳಿಂದ ಮಕ್ಕಳ ಮಿದುಳಿನ ತಜ್ಞರನ್ನು ಕಾಡುತ್ತಿರುವ ಒಗಟು ಇದು.

ರಕ್ತದ ಮೂಲಕ ಬರುವ ಸುದ್ದಿ

ಫಂಕ್ಷನಲ್ ಎಂ.ಆರ್.ಐ. ಯಂತ್ರಕ್ಕೆ ನಮ್ಮ ವಿಚಾರಗಳು ಕಾಣುವುದಿಲ್ಲ. ನರಕೋಶಗಳ ವಿದ್ಯುತ್ತೂ ಕಾಣುವುದಿಲ್ಲ. ಅದಕ್ಕೆ ಕಾಣುವುದು ರಕ್ತ ಮಾತ್ರ. ಮಿದುಳಿನ ಒಂದು ಭಾಗ ಕೆಲಸಕ್ಕೆ ತೊಡಗಿದರೆ ಅಲ್ಲಿಗೆ ರಕ್ತ ಹೆಚ್ಚಾಗಿ ಹರಿಯುತ್ತದೆ ಎಂಬುದು ಹಳೆಯ ಅನುಮಾನ. ಇಟಲಿಯ ಟ್ಯೂರಿನ್ನಿನ ಆಂಜೆಲೊ ಮೊಸ್ಸೊ ಎಂಬ ವೈದ್ಯ 1880ರ ದಶಕದಲ್ಲೇ ತಕ್ಕಡಿಯಂಥ ಮೇಜಿನ ಮೇಲೆ ಮನುಷ್ಯರನ್ನು ಮಲಗಿಸಿ, ಯೋಚಿಸತೊಡಗಿದಾಗ ತಲೆಯ ಕಡೆ ವಾಲುತ್ತದೆಯೇ ಎಂದು ತೂಗಿ ನೋಡಿದ್ದ. 1936ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಇನ್ನೊಂದು ವಿಚಿತ್ರ ಸಂಗತಿ ಕಂಡುಹಿಡಿದರು. ಆಮ್ಲಜನಕವನ್ನು ಹೊತ್ತ ಹೀಮೋಗ್ಲೋಬಿನ್ನಿಗೂ ಅದನ್ನು ಇಳಿಸಿದ ಖಾಲಿ ಹೀಮೋಗ್ಲೋಬಿನ್ನಿಗೂ ಅಯಸ್ಕಾಂತದ ಎದುರಿನಲ್ಲಿ ಬೇರೆ ಬೇರೆ ವರ್ತನೆ. ಖಾಲಿಯಾದದ್ದು ತಾನೇ ಸಣ್ಣ ಅಯಸ್ಕಾಂತದಂತಾಗಿ ಸುತ್ತಲಿನ ಕ್ಷೇತ್ರವನ್ನು ಕೆಡಿಸುತ್ತದೆ, ತುಂಬಿದ್ದು ಕೆಡಿಸುವುದಿಲ್ಲ.

ಈ ಎರಡು ಎಳೆಗಳನ್ನು ಹೊಸೆದವರು ಸೇಜಿ ಒಗಾವಾ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಈ ಜಪಾನೀ ವಿಜ್ಞಾನಿ 1990ರಲ್ಲಿ ಇಲಿಗಳ ಮಿದುಳಿನಲ್ಲಿ ಆಮ್ಲಜನಕದ ಏರಿಳಿತವನ್ನು ಎಂ.ಆರ್.ಐ. ಚಿತ್ರದಲ್ಲೇ ನೋಡಬಹುದೆಂದು ತೋರಿಸಿದರು. ಕೆಲಸ ಮಾಡುವ ಜಾಗಕ್ಕೆ ಬೇಕಾದದ್ದಕ್ಕಿಂತ ಹೆಚ್ಚೇ ರಕ್ತ ಹರಿಯುವುದರಿಂದ ಅಲ್ಲಿ ಖಾಲಿ ಹೀಮೋಗ್ಲೋಬಿನ್ ಕಡಿಮೆಯಾಗಿ ಚಿತ್ರ ತುಸು ಬೆಳಗುತ್ತದೆ. ತುಸು ಎಂದರೆ ತುಸುವೇ: ನೂರಕ್ಕೆ ಒಂದೋ ಎರಡೋ ಪಾಲು. ಅದೂ ಐದಾರು ಸೆಕೆಂಡು ತಡವಾಗಿ. 1992ರ ಹೊತ್ತಿಗೆ ಇದೇ ವಿಧಾನದಿಂದ ಮನುಷ್ಯರ ಮಿದುಳಿನ ಚಿತ್ರಗಳು ಬಂದವು. ಮುಂದಿನದು ನಿಮಗೆ ಗೊತ್ತೇ ಇದೆ. ಪ್ರೀತಿಗೊಂದು ಚುಕ್ಕೆ, ಭಯಕ್ಕೊಂದು ಚುಕ್ಕೆ, ದೇವರಿಗೂ ಒಂದು ಚುಕ್ಕೆ ಎಂದು ಪತ್ರಿಕೆಗಳು ಪುಟ ತುಂಬಿಸಿದವು.

ಆದರೆ ಒಗಾವಾ ಅವರ 1990ರ ಆ ಪ್ರಬಂಧದಲ್ಲಿ ಇನ್ನೂ ಒಂದು ಮಾತಿತ್ತು. ಇಲಿಗಳಿಗೆ ಕೊಡುವ ಅರಿವಳಿಕೆಯನ್ನು ಬದಲಿಸಿದರೆ, ಉಸಿರಾಡುವ ಗಾಳಿಯ ಮಿಶ್ರಣವನ್ನು ಬದಲಿಸಿದರೆ ಚಿತ್ರವೂ ಬದಲಾಗುತ್ತದೆ ಎಂದು ಅವರು ಅಲ್ಲೇ ದಾಖಲಿಸಿದ್ದರು. ಅಂದರೆ ಮಂಪರಿನ ಪ್ರಶ್ನೆ ಈ ವಿಧಾನಕ್ಕೆ ಆಮೇಲೆ ಅಂಟಿಕೊಂಡ ರೋಗವಲ್ಲ, ಜಾತಕದಲ್ಲೇ ಬರೆದಿದ್ದದ್ದು. ಬಣ್ಣದ ಚುಕ್ಕೆಗಳ ಸಂಭ್ರಮದಲ್ಲಿ ಯಾರೂ ಜಾತಕವನ್ನು ತಿರುವಿ ನೋಡಲಿಲ್ಲ.

ಬೆಳಕು ಬಿಟ್ಟರೆ ಕತ್ತಲು!

ಜಾತಕ ತೆರೆದುಕೊಂಡದ್ದು ಡೆನ್ಮಾರ್ಕಿನಲ್ಲಿ. ಕೋಪನ್‌ಹೇಗನ್ನಿನ ಪೀಟರ್ ಬೋರ್ನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಹಸುಳೆಗಳ ಹಾಗೂ ಎಳೆಯ ಮಕ್ಕಳ ದೃಷ್ಟಿಕೇಂದ್ರವನ್ನು ಪರೀಕ್ಷಿಸಲು ಹೊರಟರು. ಉದ್ದೇಶ ಒಳ್ಳೆಯದೇ. ಹೆರಿಗೆಯ ಹೊತ್ತಿನಲ್ಲಿ ಮಿದುಳಿಗೆ ಪೆಟ್ಟಾದ ಮಗು ಮುಂದೆ ನೋಡಬಲ್ಲುದೇ ಇಲ್ಲವೇ ಎಂದು ಬೇಗ ತಿಳಿದರೆ ತಂದೆತಾಯಿಗಳಿಗೆ ಎಷ್ಟು ಉಪಕಾರ! ಮಕ್ಕಳು ನಿದ್ದೆಯಲ್ಲಿದ್ದರು, ಮದ್ದಿನ ನೆರವಿನಿಂದ ಮಲಗಿದವರೂ ಅವರಲ್ಲಿದ್ದರು. ಮುಚ್ಚಿದ ರೆಪ್ಪೆಗಳ ಮೇಲೆ ಮಿನುಗುವ ಬೆಳಕು ಬಿಟ್ಟು ಹಿಂದಲೆಯ ದೃಷ್ಟಿಕೇಂದ್ರ ಬೆಳಗುವುದನ್ನು ಕಾದು ಕುಳಿತರು.

ಅದು ಬೆಳಗಲಿಲ್ಲ. ಸುಮ್ಮನಿದ್ದಿದ್ದರೂ ಒಂದು ಮಾತು. ಬೆಳಕು ಬಿದ್ದಾಗಲೆಲ್ಲ ದೃಷ್ಟಿಕೇಂದ್ರ ಮೊದಲಿಗಿಂತ ಮಂಕಾಗುತ್ತಿತ್ತು! ದೊಡ್ಡವರಲ್ಲಿ ಏರುವ ಸಂಕೇತ ಇಲ್ಲಿ ಇಳಿಯುತ್ತಿತ್ತು. ಜಪಾನಿನಲ್ಲಿ ಹಸುಳೆಗಳ ಮೇಲೆ ಇಂಥದ್ದೇ ಪರೀಕ್ಷೆ ಮಾಡುತ್ತಿದ್ದವರಿಗೂ ಹೀಗೆಯೇ ಕಂಡಿತ್ತು. ತೀರ ಎಳೆಯ ಕೂಸುಗಳಲ್ಲಿ ಏರಿಕೆ, ಎರಡು ತಿಂಗಳ ಆಸುಪಾಸಿನಿಂದ ಮುಂದಕ್ಕೆ ಇಳಿಕೆ.

ವಿವರಣೆಗಳಿಗೇನೂ ಬರವಿರಲಿಲ್ಲ. ಎಳೆಯ ಮಿದುಳಿನಲ್ಲಿ ನರಕೋಶಗಳ ಬೆಸುಗೆಗಳು ಭರದಿಂದ ಬೆಳೆಯುವ ಕಾಲ ಅದು, ಅವು ಆಮ್ಲಜನಕವನ್ನು ಮುಕ್ಕುತ್ತವೆ, ರಕ್ತ ಬಂದು ತುಂಬುವುದರೊಳಗೇ ಖಾಲಿಯಾಗುತ್ತದೆ ಎಂದರು ಕೆಲವರು. ಎಳೆಯ ರಕ್ತನಾಳಗಳಿಗೆ ಇನ್ನೂ ಚುರುಕಿಲ್ಲ ಎಂದರು ಇನ್ನು ಕೆಲವರು. ಮದ್ದಿನದೇ ಕಿತಾಪತಿ ಎಂದವರೂ ಇದ್ದರು. ಹಾಗಾದರೆ ಇದು ವಯಸ್ಸಿನ ಗುಣವೋ, ಮದ್ದಿನ ಗುಣವೋ, ನಿದ್ದೆಯ ಗುಣವೋ? ಮೂರೂ ಒಂದೇ ಮಗುವಿನಲ್ಲಿ ಸೇರಿಕೊಂಡಿರುವಾಗ ಬಿಡಿಸುವುದು ಹೇಗೆ?

ಬೋರ್ನ್ ಅವರ ತಂಡ ಕೊನೆಗೆ ಸರಳವಾದ ಉಪಾಯ ಹೂಡಿತು. ಮಕ್ಕಳನ್ನು ಬಿಟ್ಟು ದೊಡ್ಡವರನ್ನೇ ಕರೆತಂದು, ಮದ್ದಿಲ್ಲದೆ ಗಾಢ ನಿದ್ದೆಗೆ ಬಿಟ್ಟು, ರೆಪ್ಪೆಯ ಮೇಲೆ ಬೆಳಕು ಬಿಟ್ಟರು. 2002ರಲ್ಲಿ ಪ್ರಕಟವಾದ ಫಲಿತಾಂಶ: ದೊಡ್ಡವರಲ್ಲೂ ದೃಷ್ಟಿಕೇಂದ್ರ ಮಂಕಾಯಿತು. ಇಳಿಕೆಗೆ ಎಳೆತನವೇ ಕಾರಣವಾಗಬೇಕಿಲ್ಲ, ನಿದ್ದೆಯೊಂದೇ ಸಾಕು. ನಿದ್ದೆಗೆಟ್ಟೀತೆಂಬ ಭಯಕ್ಕೆ ಮಿದುಳು ಬೆಳಕಿನ ಸುದ್ದಿಯನ್ನು ಬಾಗಿಲಲ್ಲೇ ತಡೆಯುತ್ತದೇನೋ ಎಂಬ ಊಹೆಯೂ ಹುಟ್ಟಿತು. ಮಗುವಿನ ಬೆಳವಣಿಗೆಯ ಬಗ್ಗೆ ಏನೋ ಕಂಡುಕೊಂಡೆವು ಎಂದುಕೊಂಡಿದ್ದವರು ನಿದ್ದೆಯ ಬಗ್ಗೆ ಕಂಡುಕೊಂಡಿದ್ದರು.

ಕಾಲುವೆಯ ಲೆಕ್ಕ

ಮದ್ದಿನ ನಿದ್ದೆ ಸಹಜ ನಿದ್ದೆಯಲ್ಲ. ಅದು ಎರಡು ಕಡೆ ಕೈಯಾಡಿಸುತ್ತದೆ. ಒಂದು, ನರಕೋಶಗಳನ್ನು ಸುಮ್ಮನಾಗಿಸುತ್ತದೆ. ಇನ್ನೊಂದು, ರಕ್ತನಾಳಗಳನ್ನು ಹಿಗ್ಗಿಸುತ್ತದೆ ಇಲ್ಲವೇ ಕುಗ್ಗಿಸುತ್ತದೆ. ಯಂತ್ರ ಓದುವುದು ರಕ್ತವನ್ನು ಮಾತ್ರವಾದ್ದರಿಂದ ಈ ಎರಡರಲ್ಲಿ ಯಾವುದರಿಂದ ಚಿತ್ರ ಬದಲಾಯಿತೆಂದು ಅದು ಹೇಳಲಾರದು.

ನಮ್ಮ ನಾಲೆಗಳ ಉದಾಹರಣೆ ತೆಗೆದುಕೊಳ್ಳಿ. ಯಾವ ಗದ್ದೆಯಲ್ಲಿ ನಾಟಿ ನಡೆದಿದೆಯೆಂದು ತಿಳಿಯಲು ನೀವು ಗದ್ದೆಗೆ ಹೋಗದೆ ತೂಬಿನ ಬಳಿ ನೀರಿನ ಮಟ್ಟ ಏರುವುದನ್ನು ನೋಡುತ್ತ ಕುಳಿತಿದ್ದೀರಿ. ಮೇಲಿನಿಂದ ಯಾರೋ ನೀರು ಬಿಟ್ಟು ಕಾಲುವೆ ಅಂಚಿನವರೆಗೂ ತುಂಬಿದೆ ಎನ್ನಿ. ರೈತ ಕೂಗಿದರೂ ಮಟ್ಟ ಏರುವುದಿಲ್ಲ, ಏರಲು ಜಾಗವೇ ಇಲ್ಲ. ನಾಟಿ ನಡೆದಿಲ್ಲವೆಂದು ನೀವು ಬರೆದುಕೊಂಡರೆ ಅದು ತಪ್ಪು. ಸೇವೊಫ್ಲುರೇನ್‌ನಂಥ ಅನಿಲಗಳು ರಕ್ತನಾಳಗಳನ್ನು ಹಿಗ್ಗಿಸಿ ಮಾಡುವುದು ಹೀಗೆಯೇ. ಮಂಪರಿನಲ್ಲಿ ಮಗುವಿನ ಉಸಿರು ತುಸು ಮೇಲುಮೇಲಕ್ಕಾದರೂ ಸಾಕು, ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿ ಮಿದುಳಿನ ನಾಳಗಳು ತಾವಾಗಿಯೇ ಹಿಗ್ಗುತ್ತವೆ. ಪ್ರೊಪೊಫಾಲ್ ಇದಕ್ಕೆ ವಿರುದ್ಧ. ಅದು ಮಿದುಳಿನ ಹಸಿವನ್ನೂ ರಕ್ತದ ಹರಿವನ್ನೂ ಒಟ್ಟಿಗೆ ತಗ್ಗಿಸುತ್ತದೆ. ಕೆಟಮಿನ್ ಹರಿವನ್ನು ಏರಿಸುತ್ತದೆ. ಡೆಕ್ಸ್‌ಮೆಡಿಟೊಮಿಡಿನ್ ಮಿದುಳಿನ ಕಾಂಡದಲ್ಲಿರುವ ಎಚ್ಚರದ ಗುಂಡಿಯೊಂದನ್ನು ಆರಿಸಿ ಸಹಜ ನಿದ್ದೆಗೆ ಬಹಳ ಹತ್ತಿರದ ನಿದ್ದೆ ತರುತ್ತದೆ. ಮಿದುಳಿನ ವಿದ್ಯುತ್ ಅಲೆಗಳೂ ನಿದ್ದೆಯವಂತೆಯೇ ಇರುತ್ತವೆ. ಆದರೆ ರಕ್ತದ ಹರಿವನ್ನು ಅದೂ ತಗ್ಗಿಸುತ್ತದೆ. ಒಂದೊಂದು ಮದ್ದಿಗೆ ಒಂದೊಂದು ಸ್ವಭಾವ. ಸಾಲದ್ದಕ್ಕೆ, ಬಾಯಿಗೆ ಹಾಕಿದ ಸಿರಪ್ಪಿನ ನಿದ್ದೆ ನಲವತ್ತು ನಿಮಿಷವೂ ಒಂದೇ ಆಳದಲ್ಲಿರುವುದಿಲ್ಲ. ಮೊದಲ ಚಿತ್ರದ ಮಗುವೂ ಕೊನೆಯ ಚಿತ್ರದ ಮಗುವೂ ಒಂದೇ ಅಲ್ಲ ಎನ್ನಬೇಕು.

ಚಾಕು ಎಲ್ಲಿಡಬೇಕು?

ಇದು ಪ್ರಯೋಗಾಲಯದವರ ಜಗಳ, ನಮಗೇನು ಎನ್ನಬೇಡಿ. ಮಾತ್ರೆಗಳಿಗೆ ಬಗ್ಗದ ಅಪಸ್ಮಾರದಿಂದ ನರಳುವ ಮಕ್ಕಳಿದ್ದಾರೆ. ದಿನಕ್ಕೆ ಹತ್ತಾರು ಸಲ ಸೆಳವು. ಸೆಳವು ಹುಟ್ಟುವ ಜಾಗವನ್ನು ಗುರುತಿಸಿ ಕತ್ತರಿಸಿ ತೆಗೆದರೆ ಅಂಥ ಹಲವರು ಗುಣವಾಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ನಮ್ಮ ದೇಶದ ಹಲವು ಕಡೆ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಆದರೆ ಕತ್ತರಿಸುವ ಜಾಗದ ಪಕ್ಕದಲ್ಲೇ ಮಾತಿನ ಕೇಂದ್ರವಿದ್ದರೆ? ಬಲಗೈ ಬಳಸುವವರಲ್ಲಿ ಬಹುಪಾಲು ಎಲ್ಲರಿಗೂ ಮಾತು ಎಡಮಿದುಳಿನಲ್ಲಿರುತ್ತದೆ. ಎಳವೆಯಲ್ಲೇ ಎಡಭಾಗಕ್ಕೆ ಪೆಟ್ಟಾದ ಮಕ್ಕಳಲ್ಲಿ ಅದು ಬಲಕ್ಕೆ ಗುಳೆ ಹೋಗಿರುವುದೂ ಉಂಟು. ಚಾಕು ಎತ್ತುವ ಮೊದಲು ವೈದ್ಯರಿಗೆ ಇದು ತಿಳಿಯಲೇಬೇಕು.

ಹಿಂದೆ ಇದಕ್ಕೆ ಜೂನ್ ವಾಡಾ ಎಂಬ ಜಪಾನೀ ವೈದ್ಯರು 1949ರಲ್ಲಿ ವರದಿ ಮಾಡಿದ ಪರೀಕ್ಷೆಯೊಂದೇ ಗತಿಯಾಗಿತ್ತು. ಕತ್ತಿನ ದೊಡ್ಡ ರಕ್ತನಾಳಕ್ಕೆ ಮಂಪರು ಮದ್ದು ಕೊಟ್ಟು ಅರ್ಧ ಮಿದುಳನ್ನು ಕೆಲವು ನಿಮಿಷ ಮಲಗಿಸುವುದು, ಮಾತು ನಿಂತರೆ ಮಾತು ಆ ಕಡೆಯಿದೆ ಎಂದು ತಿಳಿಯುವುದು. ಎಳೆಯ ಮಕ್ಕಳಿಗೆ ಇದು ಆಗದ ಹೋಗದ ಮಾತು. ಫಂಕ್ಷನಲ್ ಎಂ.ಆರ್.ಐ. ಬಂದಾಗ ಮಕ್ಕಳ ನರಶಸ್ತ್ರವೈದ್ಯರು ನಿಟ್ಟುಸಿರು ಬಿಟ್ಟದ್ದು ಸಹಜ. ಸೂಜಿಯಿಲ್ಲ, ವಿಕಿರಣವಿಲ್ಲ. 'ಪ್ರಾಣಿಗಳ ಹೆಸರು ಮನಸ್ಸಿನಲ್ಲೇ ಹೇಳಿಕೋ' ಎಂದರೆ ಸಾಕು, ಮಾತಿನ ಕೇಂದ್ರ ಬೆಳಗುತ್ತದೆ.

ನಿದ್ದೆಹೋದ ಮಗುವಿಗೆ ಹಾಗೆ ಹೇಳುವುದು ಹೇಗೆ? ಹೇಳಿಸಲಾಗದಿದ್ದರೆ ಕೇಳಿಸೋಣ ಎಂದು ವೈದ್ಯರು ಇಯರ್‌ಫೋನಿನಲ್ಲಿ ಕತೆ ಕೇಳಿಸುತ್ತಾರೆ. ತಾಯಿಯ ದನಿಯನ್ನೇ ಮುದ್ರಿಸಿ ಕೇಳಿಸುವುದೂ ಉಂಟು. ಕತೆ ಮನೆಮಾತಿನಲ್ಲಿರಬೇಕಾದದ್ದು ಸರಿಯೇ. ಆದರೆ ಅಪ್ಪನದೊಂದು ಭಾಷೆ, ಅಮ್ಮನದೊಂದು, ಬೀದಿಯದು ಕನ್ನಡ, ಶಾಲೆಯದು ಇಂಗ್ಲಿಷ್ ಆಗಿರುವ ಬೆಂಗಳೂರಿನ ಮಗುವಿನ ಮನೆಮಾತು ಯಾವುದೆಂಬುದು ಬೇರೆಯೇ ಒಂದು ಲೇಖನಕ್ಕೆ ವಸ್ತು. ಇರಲಿ. ಅಮೆರಿಕದ ಮಯಾಮಿಯ ನೋಲನ್ ಆಲ್ಟ್‌ಮನ್ ಮತ್ತು ಬೈರನ್ ಬರ್ನಾಲ್ ಮಂಪರಿನಲ್ಲಿದ್ದ ಮಕ್ಕಳ ಮೇಲೆ ಇಂಥ ಪರೀಕ್ಷೆಗಳನ್ನು ನಡೆಸಿ, ಮಲಗಿದ ಮಿದುಳೂ ಸದ್ದಿಗೆ ಓಗೊಡುತ್ತದೆ ಎಂದು 2001ರಲ್ಲಿ ವರದಿ ಮಾಡಿದರು. ನಿರಾಶೆಯ ನಡುವೆ ಅದೊಂದು ಒಳ್ಳೆಯ ಸುದ್ದಿ.

ಆದರೆ ಓಗೊಟ್ಟದ್ದು ಯಾವುದಕ್ಕೆ, ಸದ್ದಿಗೋ ಮಾತಿನ ಅರ್ಥಕ್ಕೋ? ಕೇಂಬ್ರಿಜ್‌ನ ಸಂಶೋಧಕರು 2007ರಲ್ಲಿ ದೊಡ್ಡವರಿಗೆ ಪ್ರೊಪೊಫಾಲ್ ಕೊಟ್ಟು ವಾಕ್ಯಗಳನ್ನು ಕೇಳಿಸಿದರು. ಕಿವಿಯ ಮೇಲ್ಗಡೆಯ ಮಿದುಳು ಮಂಪರಿನಲ್ಲೂ ಮಾತನ್ನು ಬರಿಯ ಗದ್ದಲದಿಂದ ಬೇರ್ಪಡಿಸುತ್ತಿತ್ತು. ಎರಡರ್ಥದ ಪದಗಳಿದ್ದ ವಾಕ್ಯಗಳನ್ನು ಬಿಡಿಸಿ ಅರ್ಥ ಮಾಡಿಕೊಳ್ಳುವ ಹಣೆಭಾಗದ ಕೆಲಸ ಮಾತ್ರ ಲಘು ಮಂಪರಿನಲ್ಲೇ ನಿಂತುಹೋಗಿತ್ತು. ಸದ್ದು ಬಾಗಿಲವರೆಗೆ ಬಂದಿತ್ತು, ಒಳಗೆ ಕೂತು ಕೇಳುವವರು ಎದ್ದುಹೋಗಿದ್ದರು.

ಶಸ್ತ್ರವೈದ್ಯನಿಗೆ ಇದರ ಅರ್ಥ ಸ್ಪಷ್ಟ. ಮಂಪರಿನ ಚಿತ್ರದಲ್ಲಿ ಒಂದು ಕಡೆ ಚುಕ್ಕೆ ಕಂಡರೆ ಅಲ್ಲಿ ಏನೋ ಇದೆ ಎಂದು ಎಚ್ಚರವಹಿಸಬಹುದು. ಚುಕ್ಕೆ ಕಾಣದಿದ್ದರೆ ಅಲ್ಲಿ ಏನೂ ಇಲ್ಲ, ಕತ್ತರಿಸಬಹುದು ಎನ್ನಲಾಗದು. ಮಾತಿನ ಕೇಂದ್ರ ಅಲ್ಲೇ ಮದ್ದಿನ ಮುಸುಕೆಳೆದು ಮಲಗಿದ್ದರೂ ಮಲಗಿದ್ದೀತು. ಹಾಗೆಯೇ ಕಂಪ್ಯೂಟರು ಏರಿಕೆಯನ್ನು ಮಾತ್ರ ಹುಡುಕುವಂತೆ ಹೊಂದಿಸಿದ್ದರೆ, ನಿದ್ದೆಯ ಮಕ್ಕಳಲ್ಲಿ ಕಾಣುವ ಇಳಿಕೆ ತಪ್ಪಿಯೇ ಹೋಗುತ್ತದೆ. ಮಾತಿನ ಕೇಂದ್ರ ಕಳೆದುಕೊಂಡ ಮಗುವಿಗೆ ಅದನ್ನು ಮರಳಿ ಹೊಲಿದುಕೊಡುವ ವಿದ್ಯೆ ಯಾರಲ್ಲೂ ಇಲ್ಲ.

ಹೆಪ್ಪುಗಟ್ಟಿದ ಗಳಿಗೆ

ಈ ಇಕ್ಕಟ್ಟು ಎಲ್ಲ ಬಗೆಯ ಮಿದುಳುಚಿತ್ರಗಳಿಗೂ ಇಲ್ಲ ಎಂಬುದು ಸ್ವಾರಸ್ಯದ ಸಂಗತಿ. ಪೆಟ್ ಸ್ಕ್ಯಾನಿನಲ್ಲಿ ವಿಕಿರಣ ಸೂಸುವ ಸಕ್ಕರೆಯನ್ನು ರಕ್ತಕ್ಕೆ ಸೇರಿಸುತ್ತಾರೆ. ದುಡಿಯುತ್ತಿರುವ ನರಕೋಶಗಳು ಅದನ್ನು ಸಕ್ಕರೆಯೆಂದೇ ನಂಬಿ ಒಳಗೆಳೆದುಕೊಳ್ಳುತ್ತವೆ, ಆದರೆ ಪೂರ್ತಿ ಅರಗಿಸಿಕೊಳ್ಳಲಾರವು. ಸುಮಾರು ಅರ್ಧ ಗಂಟೆಯಲ್ಲಿ ಅದು ಕೋಶಗಳೊಳಗೆ ಸಿಕ್ಕಿಹಾಕಿಕೊಂಡು ಕೂತುಬಿಡುತ್ತದೆ. ಜಾಣ ವೈದ್ಯರು ಮಾಡುವುದೇನೆಂದರೆ, ಆ ಅರ್ಧ ಗಂಟೆ ಮಗುವನ್ನು ಎಚ್ಚರವಾಗಿಯೇ ಇಟ್ಟು ಆಮೇಲೆ ಮಂಪರು ಕೊಡುವುದು. ಯಂತ್ರದೊಳಗೆ ಹೋಗುವ ಮಗು ನಿದ್ದೆಯಲ್ಲಿರುತ್ತದೆ, ಚಿತ್ರ ಮಾತ್ರ ಎಚ್ಚರದ ಮಿದುಳಿನದು! ಸ್ಪೆಕ್ಟ್ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಮದ್ದು ಒಂದೆರಡು ನಿಮಿಷದಲ್ಲೇ ಮಿದುಳಿನಲ್ಲಿ ನೆಲೆಗೊಳ್ಳುತ್ತದೆ. ಅಪಸ್ಮಾರದ ಮಗುವಿಗೆ ಸೆಳವು ಶುರುವಾದ ಗಳಿಗೆಯಲ್ಲೇ ಚುಚ್ಚಿ, ಸೆಳವು ನಿಂತ ಮೇಲೆ ನಿಧಾನವಾಗಿ ಮಲಗಿಸಿ ಚಿತ್ರ ತೆಗೆದರೂ ಸೆಳವಿನ ಹೊತ್ತಿನ ಮಿದುಳೇ ಕಾಣುತ್ತದೆ.

ಹ್ಯಾರಿ ಚುಗಾನಿ ಮತ್ತು ಸಂಗಡಿಗರು ಲಾಸ್ ಏಂಜಲಿಸ್‌ನಲ್ಲಿ 29 ಮಕ್ಕಳ ಪೆಟ್ ಚಿತ್ರಗಳನ್ನು ಅಭ್ಯಸಿಸಿ 1987ರಲ್ಲಿ ಬರೆದ ಪ್ರಬಂಧ ಇಂದಿಗೂ ಪ್ರಸಿದ್ಧ. ಮೂರು ನಾಲ್ಕು ವರ್ಷದ ಮಗುವಿನ ಮಿದುಳು ಸಕ್ಕರೆ ಸುಡುವುದರಲ್ಲಿ ದೊಡ್ಡವರ ಮಿದುಳನ್ನು ಮೀರಿಸುತ್ತದೆ, ಸುಮಾರು ಎರಡರಷ್ಟು, ಎಂಬುದು ಗೊತ್ತಾದದ್ದು ಅಲ್ಲಿಂದ. ಆದರೆ ಪೆಟ್ ಪರೀಕ್ಷೆಯಲ್ಲಿ ವಿಕಿರಣವಿದೆ. ಆರೋಗ್ಯವಂತ ಮಕ್ಕಳಿಗೆ ಅದನ್ನು ಕೊಡುವಂತಿಲ್ಲ. ಎಂ.ಆರ್.ಐ.ಯಲ್ಲಿ ವಿಕಿರಣವಿಲ್ಲ, ಆದರೆ ಅದಕ್ಕೆ ಗಳಿಗೆಯನ್ನು ಹೆಪ್ಪುಗಟ್ಟಿಸುವ ವಿದ್ಯೆ ಗೊತ್ತಿಲ್ಲ. ಅದು ಆ ಕ್ಷಣದ ರಕ್ತವನ್ನು ಆ ಕ್ಷಣವೇ ಓದಬೇಕು.

ಯಾರನ್ನು ಯಾರಿಗೆ ಹೋಲಿಸುವುದು?

1995ರಲ್ಲಿ ಅಮೆರಿಕದ ಮಿಲ್ವಾಕೀಯಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಭರತ್ ಬಿಸ್ವಾಲ್, ಏನೂ ಮಾಡದೆ ಸುಮ್ಮನೆ ಮಲಗಿದವರ ಮಿದುಳಿನಲ್ಲೂ ಜೊತೆಗೆಲಸ ಮಾಡುವ ಭಾಗಗಳು ಒಂದೇ ಲಯದಲ್ಲಿ ಏರಿಳಿಯುತ್ತವೆ ಎಂದು ತೋರಿಸಿದರು. ಮಕ್ಕಳ ತಜ್ಞರಿಗೆ ಇದು ವರದಾನವೆನಿಸಿತು. ಮಗು ಹೇಳಿದ್ದು ಕೇಳಬೇಕಿಲ್ಲ, ಉತ್ತರ ಕೊಡಬೇಕಿಲ್ಲ, ಮಲಗಿದರೆ ಸಾಕು! 2007ರಲ್ಲಿ ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯವರು, ದಿನ ತುಂಬುವ ಮೊದಲೇ ಹುಟ್ಟಿದ್ದ ಕೂಸುಗಳನ್ನು ಕ್ಲೋರಲ್ ಹೈಡ್ರೇಟಿನ ನಿದ್ದೆಯಲ್ಲಿ ಪರೀಕ್ಷಿಸಿ ಇಂಥ ಐದು ಜಾಲಗಳನ್ನು ಗುರುತಿಸಿದರು. ದೊಡ್ಡವರಲ್ಲಿ ಕಾಣುವ, ಹಗಲುಗನಸಿನ ಜಾಲವೆಂದು ಕರೆಯಬಹುದಾದ ಮುಖ್ಯ ಜಾಲವೊಂದು ಅವುಗಳಲ್ಲಿ ಪೂರ್ಣರೂಪದಲ್ಲಿ ಇರಲಿಲ್ಲ. ಕೂಸುಗಳಲ್ಲಿ ಅದು ಇನ್ನೂ ಬೆಳೆದಿಲ್ಲವೋ ಅಥವಾ ಮದ್ದು ಅದನ್ನು ಬಿಚ್ಚಿಹಾಕಿತ್ತೋ? ಪ್ರಶ್ನೆ ಬರಿಯ ತಕರಾರಲ್ಲ. ಬೆಲ್ಜಿಯಮ್ಮಿನ ಲಿಯೇಜ್‌ನಲ್ಲಿ ದೊಡ್ಡವರಿಗೆ ಪ್ರೊಪೊಫಾಲ್ ಕೊಟ್ಟು ನೋಡಿದಾಗ ಇದೇ ಬಗೆಯ ಮೇಲ್ಮಟ್ಟದ ಜಾಲಗಳ ನಂಟು ಸಡಿಲವಾಗಿ, ನೋಡುವ ಕೇಳುವ ಜಾಲಗಳು ಮಾತ್ರ ಹಾಗೆಯೇ ಉಳಿದಿದ್ದವು. ಅದು 2010ರ ವರದಿ.

ಕೂಸುಗಳ ವಿಚಾರದಲ್ಲಿ ಮದ್ದಿನ ಮೇಲಿನ ಅನುಮಾನ ಹೆಚ್ಚೇ ಆಯಿತೆನ್ನಬೇಕು. 2009ರಲ್ಲಿ ಉತ್ತರ ಕೆರೊಲಿನಾದಲ್ಲಿ ಎರಡು ವಾರದ, ಒಂದು ವರ್ಷದ, ಎರಡು ವರ್ಷದ ಮಕ್ಕಳನ್ನು ಯಾವ ಮದ್ದೂ ಇಲ್ಲದೆ ಸಹಜ ನಿದ್ದೆಯಲ್ಲೇ ಪರೀಕ್ಷಿಸಿದಾಗ, ಎರಡು ವಾರದಲ್ಲಿ ಚೂರುಪಾರಾಗಿದ್ದ ಆ ಜಾಲ ಎರಡು ವರ್ಷದ ಹೊತ್ತಿಗೆ ದೊಡ್ಡವರದನ್ನು ಹೋಲುವಂತಾಗಿದ್ದದ್ದು ಕಂಡುಬಂತು.

ಆದರೆ ಎಲ್ಲ ಅನುಮಾನಗಳೂ ಹೀಗೆ ಬಗೆಹರಿಯುವುದಿಲ್ಲ. ಆರೋಗ್ಯವಂತ ಮಗುವಿಗೆ ಕೇವಲ ಸಂಶೋಧನೆಗಾಗಿ ಮಂಪರು ಕೊಡುವುದು ನೀತಿಯಲ್ಲ. ಮಂಪರಿನಲ್ಲಿ ಅಪಾಯ ಕಡಿಮೆಯಾದರೂ ಇಲ್ಲದಿಲ್ಲ. 2001ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮಂಪರಿನಲ್ಲಿದ್ದ ಆರು ವರ್ಷದ ಹುಡುಗನಿಗಾಗಿ ಕೋಣೆಯೊಳಗೆ ತಂದ ಆಮ್ಲಜನಕದ ಸಿಲಿಂಡರು ಅಯಸ್ಕಾಂತದ ಸೆಳೆತಕ್ಕೆ ಹಾರಿ ಬಡಿದು ಅವನು ತೀರಿಕೊಂಡ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ, ಮೂರು ವರ್ಷದೊಳಗಿನವರಿಗೆ ದೀರ್ಘಕಾಲ ಅಥವಾ ಪದೇಪದೇ ಅರಿವಳಿಕೆ ಕೊಡುವ ಬಗ್ಗೆ ಎಚ್ಚರಿಕೆ ನೀಡಿತು. ಒಂದು ಗಂಟೆಗಿಂತ ಕಡಿಮೆಯ ಒಂದು ಸಲದ ಅರಿವಳಿಕೆಯಿಂದ ಐದನೇ ವರ್ಷದ ಬುದ್ಧಿಮತ್ತೆಗೆ ಧಕ್ಕೆಯಿಲ್ಲ ಎಂದು 2019ರಲ್ಲಿ ಹಲವು ದೇಶಗಳ ಜಂಟಿ ಅಧ್ಯಯನವೊಂದು ಸಮಾಧಾನ ಹೇಳಿದೆ. ಸ್ಕ್ಯಾನಿಗೆ ಮಗುವನ್ನು ಕರೆದೊಯ್ಯುವವರು ಗಾಬರಿಯಾಗಬೇಕಿಲ್ಲ. ಅಂತೂ ಮಂಪರಿನಲ್ಲಿ ಸಿಗುವುದು ಕಾಯಿಲೆಯ ಮಕ್ಕಳು ಮಾತ್ರ, ಆರೋಗ್ಯವಂತರು ಸಿಗುವುದು ಎಚ್ಚರದಲ್ಲಿ. ಆಟಿಸಂ ಇರುವ ಮಗುವನ್ನು ಮದ್ದು ಕೊಟ್ಟು ಮಲಗಿಸಿ, ಪಕ್ಕದ ಮನೆಯ ಮಗುವನ್ನು ಎಚ್ಚರವಾಗಿಟ್ಟು, ಎರಡು ಚಿತ್ರಗಳ ವ್ಯತ್ಯಾಸವನ್ನು ಆಟಿಸಂ ಎಂದು ಕರೆದರೆ ಅದು ಆಟಿಸಮ್ಮಿನ ಚಿತ್ರವೋ ಸಿರಪ್ಪಿನ ಚಿತ್ರವೋ?

ಎಚ್ಚರವಿದ್ದರೆ ಇನ್ನೊಂದು ಫಜೀತಿ

ಹಾಗಾದರೆ ಎಲ್ಲ ಮಕ್ಕಳನ್ನೂ ಎಚ್ಚರವಾಗಿಯೇ ಪರೀಕ್ಷಿಸಿಬಿಡೋಣ ಎಂದರೆ ಮತ್ತೆ ಮೂಗು ತುರಿಸುವ ಮಗುವಿನ ಬಳಿಗೇ ಬಂದು ನಿಲ್ಲುತ್ತೇವೆ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು, ಬೆಳೆಯುತ್ತಾ ಹೋದಂತೆ ಮಿದುಳಿನ ಹತ್ತಿರದ ನಂಟುಗಳು ಸಡಿಲವಾಗಿ ದೂರದ ನಂಟುಗಳು ಬಿಗಿಯಾಗುತ್ತವೆ ಎಂಬ ಚಂದದ ಸಿದ್ಧಾಂತ ಮಂಡಿಸಿದ್ದರು. 2012ರಲ್ಲಿ ಅದೇ ಪ್ರಯೋಗಾಲಯದವರು ಮುಜುಗರದ ಸಂಗತಿಯೊಂದನ್ನು ಪ್ರಕಟಿಸಿದರು. ತಲೆ ಒಂದು ಮಿಲಿಮೀಟರಿಗಿಂತ ಕಡಿಮೆ ಅಲುಗಿದರೂ ಹತ್ತಿರದ ನಂಟು ಹೆಚ್ಚಾಗಿ, ದೂರದ ನಂಟು ಕಡಿಮೆಯಾಗಿ ಕಾಣುತ್ತದೆ. ಚಿಕ್ಕ ಮಕ್ಕಳು ಹೆಚ್ಚು ಅಲುಗುತ್ತಾರೆ, ದೊಡ್ಡವರು ಕಡಿಮೆ. ಬೆಳವಣಿಗೆಯೆಂದು ಕಂಡದ್ದರಲ್ಲಿ ಒಂದು ಪಾಲು ಬರಿಯ ಚಡಪಡಿಕೆ! ತಮ್ಮ ಮಾತನ್ನು ತಾವೇ ತಿದ್ದಿಕೊಂಡ ಆ ಸಂಶೋಧಕರ ಪ್ರಾಮಾಣಿಕತೆ ನನಗೆ ಸಿದ್ಧಾಂತಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಸಹಜ ನಿದ್ದೆ ನಡುದಾರಿ. ಕೂಸಿಗೆ ಹೊಟ್ಟೆತುಂಬ ಹಾಲೂಡಿಸಿ, ಬೆಚ್ಚಗೆ ಸುತ್ತಿ, ಕಿವಿಗೆ ಮುಚ್ಚಿಗೆ ಹಾಕಿ ಮಲಗಿಸುವುದು. ಯಂತ್ರದ ಗಂಟೆಯ ಬಾಡಿಗೆ ಲೆಕ್ಕ ಹಾಕುವ ಆಡಳಿತಗಾರರಿಗೆ ಇದು ಹಿಡಿಸುವುದಿಲ್ಲ, ಏಕೆಂದರೆ ಕೂಸಿನ ನಿದ್ದೆಗೆ ವೇಳಾಪಟ್ಟಿಯಿಲ್ಲ. ಫ್ರಾನ್ಸಿನ ಗಿಸ್ಲೇನ್ ದೆಹೇನ್-ಲ್ಯಾಂಬರ್ಟ್ಜ್ ಮತ್ತು ಸಂಗಡಿಗರು 2002ರಲ್ಲಿ ಮೂರು ತಿಂಗಳ ಕೂಸುಗಳಿಗೆ ಮದ್ದಿಲ್ಲದೆಯೇ ಮಾತು ಕೇಳಿಸಿದರು. ಕೆಲವು ಎಚ್ಚರವಾಗಿದ್ದವು, ಕೆಲವು ನಿದ್ದೆಹೋದವು. ಮಾತು ಬಾರದ ಆ ವಯಸ್ಸಿನಲ್ಲೇ ಎಡಮಿದುಳು ಮಾತಿಗೆ ಕಿವಿಗೊಡುತ್ತಿತ್ತು. ಹಣೆಭಾಗ ಮಾತ್ರ ಎಚ್ಚರವಿದ್ದ ಕೂಸುಗಳಲ್ಲಷ್ಟೇ ಬೆಳಗಿತು. ಎಚ್ಚರ, ನಿದ್ದೆ ಎರಡನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಂಡದ್ದರಿಂದಲೇ ಈ ವ್ಯತ್ಯಾಸ ಸಿಕ್ಕಿತು. ಮಂಪರು ಅನಿವಾರ್ಯವಾದ ಕಡೆಯೂ ಇಷ್ಟನ್ನು ಮಾಡಬಹುದು: ಯಾವ ಮದ್ದು, ಎಷ್ಟು, ಕೊಟ್ಟು ಎಷ್ಟು ಹೊತ್ತಾಯಿತು, ಉಸಿರಿನಲ್ಲಿ ಇಂಗಾಲದ ಡೈ ಆಕ್ಸೈಡ್ ಎಷ್ಟಿತ್ತು ಎಂದು ಚಿತ್ರದ ಜೊತೆಯಲ್ಲೇ ಬರೆದಿಡುವುದು.

ಇನ್ನು ನಾಲ್ಕೈದು ವರ್ಷ ದಾಟಿದವರ ಮಾತು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್ ಎಂಬುವರು ನಾಯಿಗಳನ್ನು ಪಳಗಿಸಿ, ಎಚ್ಚರವಾಗಿಯೇ ಎಂ.ಆರ್.ಐ. ಯಂತ್ರದಲ್ಲಿ ತಲೆ ಅಲುಗಿಸದೆ ಮಲಗುವಂತೆ ಮಾಡಿ 2012ರಲ್ಲಿ ಅವುಗಳ ಮಿದುಳಿನ ಚಿತ್ರ ತೆಗೆದರು. ನಾಯಿಗೆ ಸಾಧ್ಯವಾದದ್ದು ನಮ್ಮ ಮಕ್ಕಳಿಗೆ ಆಗದೇ? ಆಗುತ್ತದೆ, ಆದರೆ ನಾಯಿಗೆ ಕೊಟ್ಟಷ್ಟು ಹೊತ್ತನ್ನು ಮಗುವಿಗೂ ಕೊಡಬೇಕು. ಹೊರದೇಶಗಳ ಎಷ್ಟೋ ಮಕ್ಕಳ ಆಸ್ಪತ್ರೆಗಳಲ್ಲಿ ಅಯಸ್ಕಾಂತವಿಲ್ಲದ ಒಂದು ಸುಳ್ಳು ಸುರಂಗವಿದೆ. ನಿಜವಾದ ಯಂತ್ರದ ಸದ್ದನ್ನೇ ಮುದ್ರಿಸಿ ಅದರಲ್ಲಿ ಕೇಳಿಸುತ್ತಾರೆ. ಮಗು ಮೊದಲು ತನ್ನ ಗೊಂಬೆಯನ್ನು ಒಳಗೆ ಕಳಿಸುತ್ತದೆ, ಆಮೇಲೆ ತಾನು ಹೋಗುತ್ತದೆ. ಒಳಗೊಂದು ಕಾರ್ಟೂನು ಓಡುತ್ತಿರುತ್ತದೆ. ತಲೆ ಅಲುಗಿದರೆ ಕಾರ್ಟೂನು ತಟಕ್ಕನೆ ನಿಲ್ಲುತ್ತದೆ, ಸುಮ್ಮನಾದರೆ ಮತ್ತೆ ಓಡುತ್ತದೆ. ನಮ್ಮ ಮಕ್ಕಳು ಬೀದಿಯಲ್ಲಿ ಆಡುವ 'ಸ್ಟ್ಯಾಚ್ಯೂ' ಆಟವೇ ಇದು. ಒಬ್ಬ 'ಸ್ಟ್ಯಾಚ್ಯೂ' ಎಂದು ಕೂಗಿದರೆ ಉಳಿದವರು ನಿಂತಲ್ಲೇ ಕಲ್ಲಾಗಬೇಕು. ನಾಲ್ಕೈದು ಸುತ್ತು ಆಡಿದ ಮೇಲೆ ಆರು ವರ್ಷದ ಎಷ್ಟೋ ಮಕ್ಕಳು ಸಿರಪ್ಪಿಲ್ಲದೆಯೇ ನಿಜವಾದ ಸುರಂಗಕ್ಕೆ ಹೋಗಿ ಬರುತ್ತಾರೆ.